ಹಿಂದಿನ ನೌಕರಿ ಬಿಟ್ಟದ್ದೇಕೆ?

ಔರಾದ ಸೀಮೆಯ ತರುಣನೊಬ್ಬ ನೌಕರಿ ಬಿಟ್ಟು ಊರಿಗೆ ಮರಳಿದರೆ ಒಂದೇ ಪ್ರಶ್ನೆ ಅವನಿಗೆ ನಾಲ್ಕು ಭಾಷೆಗಳಲ್ಲಿ ಎದುರಾಗುತ್ತದೆ. ಮನೆಯಲ್ಲಿ ತಾಯಿ ‘ನೌಕರಿ ಯಾಕ ಬಿಟ್ಟಿಯೋ’ ಎನ್ನುತ್ತಾಳೆ. ಗಡಿಯಾಚೆಯ ಉದಗೀರದಲ್ಲಿ ನೆಂಟರು ‘ನೋಕರಿ ಕಾ ಸೋಡಲೀಸ್’ ಎಂದು ಮರಾಠಿಯಲ್ಲಿ ವಿಚಾರಿಸುತ್ತಾರೆ. ಬೀದರಿನ ಬಸ್ ನಿಲ್ದಾಣದಲ್ಲಿ ಸಿಕ್ಕ ಹಳೆಯ ಗೆಳೆಯ ‘ನೌಕರಿ ಕಾಯ್ಕೂ ಛೋಡ್ಯಾ’ ಎಂದು ದಖನಿಯಲ್ಲಿ ಕೇಳುತ್ತಾನೆ. ಕೊನೆಗೆ ಹೈದರಾಬಾದಿನ ಯಾವುದೋ ಕಚೇರಿಯಲ್ಲಿ, ಮೇಜಿನ ಆಚೆ ಕುಳಿತ ಅಧಿಕಾರಿ ‘ಪಾತ ಉದ್ಯೋಗಂ ಎಂದುಕು ಮಾನೇಶಾರು’ ಎಂದು ತೆಲುಗಿನಲ್ಲಿ ಅದನ್ನೇ ಕೇಳುತ್ತಾನೆ.

ಮೊದಲ ಮೂವರಿಗೆ ಏನಾದರೊಂದು ಹೇಳಿ ತಪ್ಪಿಸಿಕೊಳ್ಳಬಹುದು. ನಾಲ್ಕನೆಯವನ ಕೈಯಲ್ಲಿ ಅನ್ನವಿದೆ. ಆದುದರಿಂದಲೇ ಅವನ ಮುಂದೆ ಮಾತು ತಡವರಿಸುತ್ತದೆ, ಸತ್ಯ ಮೆಲ್ಲನೆ ಜಾರತೊಡಗುತ್ತದೆ.

ನಮ್ಮದು ಬಹುಪಾಲು ಮಳೆಯನ್ನೇ ನಂಬಿದ ಭೂಮಿ. ಉದ್ದು, ಹೆಸರು, ತೊಗರಿ, ಸೋಯಾ ಬೆಳೆಯುವ ಮನೆಗಳ ಮಕ್ಕಳು ಭಾಲ್ಕಿಯಲ್ಲಿಯೋ ಕಮಲನಗರದಲ್ಲಿಯೋ ರೈಲು ಹತ್ತಿ ಹೋಗುತ್ತಾರೆ. ಪಟಾನ್‌ಚೆರುವಿನ ಔಷಧ ಕಾರ್ಖಾನೆ, ಪುಣೆಯ ಚಾಕಣ, ಭಿವಂಡಿಯ ಗೋದಾಮು, ಆಸ್ಪತ್ರೆಗಳ ವಾರ್ಡು, ಶಾಲೆಗಳ ತರಗತಿ, ಇನ್ನು ಕೆಲವರಿಗೆ ಸಮುದ್ರದಾಚೆಯ ಅರಬ್ ನಾಡು. ಹಿಂದಿನ ತಲೆಮಾರಿನವರು ಒಂದು ನೌಕರಿ ಹಿಡಿದರೆ ನಿವೃತ್ತಿಯವರೆಗೂ ಅದೇ. ಇಂದಿನ ಮಕ್ಕಳಿಗೆ ಮೂವತ್ತು ತುಂಬುವಷ್ಟರಲ್ಲಿ ಮೂರೋ ನಾಲ್ಕೋ ಕಡೆ ದುಡಿದ ಅನುಭವವಾಗಿರುತ್ತದೆ. ಪ್ರತಿ ಸಲವೂ ಹಿಂದಿನದನ್ನು ಬಿಟ್ಟ ಕಾರಣವನ್ನು ಅಪರಿಚಿತನೊಬ್ಬನಿಗೆ ಒಪ್ಪಿಸಬೇಕು. ಈ ವಿದ್ಯೆಯನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಮನೆಯಲ್ಲೂ ಯಾರಿಗೂ ಗೊತ್ತಿರುವುದಿಲ್ಲ. ಕಲಿಸುವವರು ಗೆಳೆಯರು. ಅವರು ಕಲಿಸುವುದು ಸುಳ್ಳನ್ನು.

ಕೆಲವು ವರ್ಷಗಳ ಹಿಂದೆ ಒಬ್ಬ ತಂದೆ ನನ್ನಲ್ಲಿಗೆ ಬಂದು, ‘ಫಾದರ್, ನಾ ಇನ್ನಾ ಜೀವಂತ ಇದ್ದೀನಿ. ನನ್ನ ಮಗ ಹೈದರಾಬಾದಿನಾಗ ನನ್ನ ಸಾಯಿಸಿ ಬಂದಾನ’ ಎಂದರು. ನಗಬೇಕೋ ಮರುಗಬೇಕೋ ತಿಳಿಯಲಿಲ್ಲ. ಸಂಗತಿ ಇಷ್ಟೇ. ಮಗ ಒಂದು ಕಾರ್ಖಾನೆಯಲ್ಲಿ ಏಳು ತಿಂಗಳು ದುಡಿದು ಬಿಟ್ಟಿದ್ದ. ಮತ್ತೊಂದು ಕಂಪನಿಯ ಸಂದರ್ಶನದಲ್ಲಿ ಕಾರಣ ಕೇಳಿದಾಗ, ಕೋಣೆಯ ಗೆಳೆಯರು ಹೇಳಿಕೊಟ್ಟಂತೆ, ‘ತಂದೆ ತೀರಿಕೊಂಡರು, ಊರಿಗೆ ಹೋಗಬೇಕಾಯಿತು’ ಎಂದುಬಿಟ್ಟ. ವಿಚಾರಣೆಗೆಂದು ಆ ಕಂಪನಿಯ ಗುಮಾಸ್ತ ಅರ್ಜಿಯಲ್ಲಿದ್ದ ಮನೆಯ ಸಂಖ್ಯೆಗೆ ಫೋನ್ ಮಾಡಿದರೆ, ಎತ್ತಿದವರು ತೀರಿಕೊಂಡ ತಂದೆಯೇ! ಆ ನೌಕರಿ ಸಿಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಅವನು ಮೊದಲ ಕೆಲಸ ಬಿಟ್ಟ ನಿಜವಾದ ಕಾರಣ ಕೇಳಿದಾಗ ನನಗೆ ಇನ್ನೂ ಹೆಚ್ಚು ವ್ಯಥೆಯಾಯಿತು. ಮೂರು ತಿಂಗಳ ಸಂಬಳ ಕೊಟ್ಟಿರಲಿಲ್ಲ. ಇದಕ್ಕಿಂತ ಗೌರವಯುತವಾದ ಕಾರಣ ಯಾವುದಿದ್ದೀತು? ‘ಮೂರು ತಿಂಗಳು ವೇತನ ಬರಲಿಲ್ಲ, ಮನೆ ನಡೆಸಬೇಕಿತ್ತು, ಬಿಟ್ಟೆ’ ಎಂದಿದ್ದರೆ ಯಾವ ನ್ಯಾಯವಂತ ಮಾಲೀಕನೂ ಅದನ್ನು ಒಪ್ಪುತ್ತಿದ್ದ. ಅವನೋ ಆ ಸತ್ಯಕ್ಕೆ ನಾಚಿ, ತನ್ನ ಬಡತನದ ಗುರುತೆಂದು ಬಗೆದು, ಅದರ ಜಾಗದಲ್ಲಿ ಒಂದು ಶವವನ್ನು ಇರಿಸಿದ. ನಮ್ಮ ಮಕ್ಕಳು ಹೇಳುವ ಇಂಥ ಸುಳ್ಳುಗಳಲ್ಲಿ ಎಷ್ಟೋ ಅನಾವಶ್ಯಕವಾದುವು. ಮರೆಮಾಡಲು ಅಲ್ಲಿ ಪಾಪವೇ ಇರುವುದಿಲ್ಲ.

ಪ್ರಶ್ನೆಯನ್ನೇ ಮೊದಲು ಅರ್ಥಮಾಡಿಕೊಳ್ಳೋಣ. ಅದರ ರೂಪ ಭೂತಕಾಲದ್ದು, ಕಾಳಜಿ ಭವಿಷ್ಯತ್ಕಾಲದ್ದು. ‘ಅಲ್ಲಿಂದ ಏಕೆ ಬಿಟ್ಟಿರಿ’ ಎಂದು ಕೇಳುವವನ ಮನಸ್ಸಿನಲ್ಲಿರುವುದು ‘ಇಲ್ಲಿಂದ ಯಾವಾಗ ಬಿಡುತ್ತೀರಿ’ ಎಂಬ ಆತಂಕ. ಕೆಲಸ ಕಲಿಸಿದ ಮೇಲೆ ಓಡಿಹೋಗುವನೇ? ಜಗಳಗಂಟನೇ? ಹಣಕಾಸಿನಲ್ಲಿ ಕೈ ಶುದ್ಧವೇ? ದೇಹ ತಾಳುವುದೇ? ಈ ನಾಲ್ಕರಲ್ಲಿ ಒಂದೋ ಎರಡೋ ಅವನನ್ನು ಕಾಡುತ್ತಿರುತ್ತವೆ. ಅವನು ನಮ್ಮ ಆತ್ಮಚರಿತ್ರೆಯನ್ನು ಬೇಡುತ್ತಿಲ್ಲ. ಅವನ ಭಯಕ್ಕೆ ಉತ್ತರ ಕೊಟ್ಟರೆ ಸಾಕು, ಅದು ಎರಡು ವಾಕ್ಯಗಳಲ್ಲಿ ಮುಗಿಯುತ್ತದೆ. ‘ರಾತ್ರಿ ಪಾಳಿ ನನ್ನ ದೇಹಕ್ಕೆ ಒಗ್ಗಲಿಲ್ಲ, ನಿಮ್ಮಲ್ಲಿ ಹಗಲು ಪಾಳಿ ಎಂದು ತಿಳಿದು ಬಂದೆ.’ ಇದರಲ್ಲಿ ಕಾರಣವೂ ಇದೆ, ಭರವಸೆಯೂ ಇದೆ.

ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದೂ ಈಗ ಮೊದಲಿನಷ್ಟು ಸುಲಭವಾಗಿ ಉಳಿದಿಲ್ಲ. 2014ರಿಂದ ಭವಿಷ್ಯನಿಧಿ ಸಂಘಟನೆಯವರು ಪ್ರತಿ ಚಂದಾದಾರನಿಗೂ ಒಂದೇ ಸಂಖ್ಯೆ, ಅಂದರೆ ಯುಎಎನ್, ಕೊಡುತ್ತ ಬಂದಿದ್ದಾರೆ. ಕಾರ್ಖಾನೆ ಬದಲಾದರೂ ಸಂಖ್ಯೆ ಬದಲಾಗದು. ಯಾವ ದಿನ ಸೇರಿದ, ಯಾವ ದಿನ ಬಿಟ್ಟ ಎಂಬುದೆಲ್ಲ ಅದರ ಬೆನ್ನಿಗೆ ಅಂಟಿಕೊಂಡಿರುತ್ತದೆ. ಏಳು ತಿಂಗಳ ನೌಕರಿಯನ್ನು ಬಯೋಡೇಟಾದಲ್ಲಿ ಎರಡು ವರ್ಷ ಮಾಡಿದವನು, ಅಥವಾ ಅದನ್ನು ಪೂರ್ತಿ ನುಂಗಿಹಾಕಿದವನು, ನೇಮಕವಾದ ಮೇಲೆ ಸಿಕ್ಕಿಬೀಳುತ್ತಾನೆ. ಹಣ ತೆತ್ತು ಸುಳ್ಳು ಅನುಭವ ಪ್ರಮಾಣಪತ್ರ ಮಾಡಿಸಿಕೊಳ್ಳುವವರ ಮಾತಂತೂ ಬಿಡಿ. ಅದು ಪೊಲೀಸರ ಮೆಟ್ಟಿಲಿಗೆ ಒಯ್ಯುವ ಅಪರಾಧ. 2020ರ ಜನವರಿಯಿಂದ ಬಿಟ್ಟ ದಿನಾಂಕವನ್ನು ನೌಕರನೇ ಈ ದಾಖಲೆಯಲ್ಲಿ ನಮೂದಿಸುವ ಅನುಕೂಲವಾಗಿದೆ. ಹಳೆಯ ಮಾಲೀಕ ಅದನ್ನು ಖಾಲಿ ಬಿಟ್ಟು ಸತಾಯಿಸುತ್ತಿದ್ದರೆ, ನಮ್ಮ ತರುಣರು ಈ ಅನುಕೂಲವನ್ನು ಬಳಸಿಕೊಳ್ಳಲಿ.

ಆದರೆ ಸಿಕ್ಕಿಬೀಳುವ ಭಯದಿಂದ ಸತ್ಯ ಹೇಳುವುದು ಸತ್ಯಕ್ಕೆ ಸಲ್ಲುವ ಗೌರವವಲ್ಲ. ಸಿಕ್ಕಿಬೀಳದ ಸುಳ್ಳನ್ನು ಹೇಳಬಹುದೇ ಎಂಬುದೇ ಜಟಿಲವಾದ ಪ್ರಶ್ನೆ.

ಈ ಕುರಿತು ನಮ್ಮ ಹಿರಿಯರು ಸಾಕಷ್ಟು ತಲೆ ಕೆಡಿಸಿಕೊಂಡಿದ್ದಾರೆ. ಸಂತ ಅಗಸ್ಟೀನರು ಸುಳ್ಳಿನ ಕುರಿತೇ ಎರಡು ಪ್ರಬಂಧಗಳನ್ನು ಬರೆದು, ಸುಳ್ಳುಗಳಲ್ಲಿ ಎಂಟು ಬಗೆಗಳನ್ನು ಎಣಿಸಿದರು. ಯಾವುದಕ್ಕೂ ಅನುಮತಿ ಕೊಡಲಿಲ್ಲ. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಾಸ್ ಅಕ್ವಿನಾಸರು ಸುಳ್ಳನ್ನು ತಮಾಷೆಯದು, ಉಪಕಾರದ್ದು, ಕೇಡಿನದು ಎಂದು ಮೂರಾಗಿ ವಿಂಗಡಿಸಿದರು. ಸಂದರ್ಶನದ ಸುಳ್ಳು ಎರಡನೆಯ ಜಾತಿಯದು. ಯಾರಿಗೂ ಕೇಡು ಬಗೆಯದೆ, ತನಗೊಂದು ಉಪಕಾರ ಮಾಡಿಕೊಳ್ಳುವ ಸುಳ್ಳು. ಇದರ ದೋಷ ಕೇಡಿನ ಸುಳ್ಳಿಗಿಂತ ಹಗುರವೆಂದರು, ದೋಷವೇ ಇಲ್ಲವೆನ್ನಲಿಲ್ಲ. ಆದರೆ ಅದೇ ಪುಟಗಳಲ್ಲಿ ಅವರು ಇನ್ನೊಂದು ಮಾತನ್ನೂ ಸೇರಿಸಿದ್ದಾರೆ: ಸುಳ್ಳು ನುಡಿಯುವುದು ಒಂದು, ಸತ್ಯವನ್ನು ವಿವೇಕದಿಂದ ಮರೆಯಲ್ಲಿಡುವುದು ಮತ್ತೊಂದು. ಮೊದಲನೆಯದು ಸಲ್ಲದು, ಎರಡನೆಯದು ಸಲ್ಲುತ್ತದೆ.

ಈ ಭೇದವನ್ನು ನಮ್ಮ ಸಾಮಾನ್ಯ ಕುಟುಂಬಗಳಿಗೆ ನಾವು ಸರಿಯಾಗಿ ತಿಳಿಸಿಕೊಟ್ಟಿಲ್ಲವೆಂದು ನನ್ನ ಭಾವನೆ. ಧರ್ಮೋಪದೇಶದ ತರಗತಿಯಲ್ಲಿ ‘ಸುಳ್ಳು ಹೇಳಬಾರದು’ ಎಂದು ಕಲಿತ ಹುಡುಗಿ, ಕೇಳಿದ್ದಕ್ಕೆಲ್ಲ ಪೂರ್ತಿ ಉತ್ತರ ಕೊಡುವುದೇ ಪ್ರಾಮಾಣಿಕತೆ ಎಂದು ತಿಳಿಯುತ್ತಾಳೆ. ಅದು ಅಸಾಧ್ಯವೆನಿಸಿದಾಗ ಸುಳ್ಳಿಗೆ ಇಳಿಯುತ್ತಾಳೆ. ನಡುವೆ ಒಂದು ವಿಶಾಲವಾದ ಜಾಗವಿದೆಯೆಂದು ಅವಳಿಗೆ ಯಾರೂ ತೋರಿಸಿಲ್ಲ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2488 ಮತ್ತು 2489ನೆಯ ಪರಿಚ್ಛೇದಗಳನ್ನು ಓದಿನೋಡಿ. ಸತ್ಯವನ್ನು ತಿಳಿಯುವ ಹಕ್ಕು ನಿರಪೇಕ್ಷವಾದುದಲ್ಲ, ಹಕ್ಕಿಲ್ಲದವನಿಗೆ ಅದನ್ನು ಬಯಲುಮಾಡುವ ಕರ್ತವ್ಯ ಯಾರ ಮೇಲೂ ಇಲ್ಲವೆಂಬುದು ಅಲ್ಲಿಯ ತಾತ್ಪರ್ಯ. ಹೊಸ ಮಾಲೀಕನಿಗೆ ನನ್ನ ಕೆಲಸದ ಬಗ್ಗೆ ತಿಳಿಯುವ ಹಕ್ಕಿದೆ. ನನ್ನ ಮನೆಯ ಜಗಳ, ನನ್ನ ಗರ್ಭಪಾತವಾದ ದುಃಖ, ನನ್ನ ತಮ್ಮನ ಕುಡಿತ ಇವುಗಳ ಮೇಲೆ ಅವನಿಗೆ ಹಕ್ಕಿಲ್ಲ. ‘ಮನೆಯ ಕಾರಣದಿಂದ ಬಿಟ್ಟೆ, ಆ ಕಾರಣ ಈಗ ಉಳಿದಿಲ್ಲ’ ಎಂಬುದು ನಿಜವಾಗಿದ್ದರೆ ಅದು ಪೂರ್ಣ ಉತ್ತರ.

ಈ ವಿಶಾಲವಾದ ಜಾಗಕ್ಕೂ ಬೇಲಿಯಿದೆ. ಒಂದು ಕಾಲದಲ್ಲಿ ಕೆಲವು ಪಂಡಿತರು ಅರ್ಧ ವಾಕ್ಯವನ್ನು ಬಾಯಲ್ಲಿ ಆಡಿ, ಉಳಿದರ್ಧವನ್ನು ಮನಸ್ಸಿನಲ್ಲಿ ಮುಗಿಸಿದರೆ ಸುಳ್ಳಾಗದೆಂದು ವಾದಿಸುತ್ತಿದ್ದರು. ‘ನನ್ನನ್ನು ಯಾರೂ ತೆಗೆದುಹಾಕಲಿಲ್ಲ’ ಎಂದು ಗಟ್ಟಿಯಾಗಿ ಹೇಳಿ, ‘ಇವತ್ತು’ ಎಂದು ಒಳಗೇ ಸೇರಿಸಿಕೊಳ್ಳುವುದು! 1679ರಲ್ಲಿ ಪೋಪ್ ಹನ್ನೊಂದನೆಯ ಇನ್ನೊಸೆಂಟರು ಈ ಚಮತ್ಕಾರವನ್ನು ಖಂಡಿಸಿದರು. ಹಳೆಯ ಮಾತೆಂದು ನಗುವಂತಿಲ್ಲ, ನಮ್ಮ ಸುತ್ತ ಇಂದಿಗೂ ಇದು ಧಾರಾಳವಾಗಿ ನಡೆದಿದೆ.

ಸತ್ಯವನ್ನು ಅಳೆದು ಹೇಳುವುದು ಹೇಗೆಂಬುದಕ್ಕೆ ಇಂಗ್ಲೆಂಡಿನ ಸಂತ ಥಾಮಸ್ ಮೋರರಿಗಿಂತ ಒಳ್ಳೆಯ ದೃಷ್ಟಾಂತ ನನಗೆ ಕಾಣದು. 1529ರಲ್ಲಿ ಅವರು ಎಂಟನೆಯ ಹೆನ್ರಿ ಅರಸನ ಛಾನ್ಸಲರರಾದರು. ಆ ರಾಜ್ಯದಲ್ಲಿ ಅರಸನ ಕೆಳಗೆ ಅದಕ್ಕಿಂತ ದೊಡ್ಡ ಹುದ್ದೆ ಇರಲಿಲ್ಲ. ಅರಸನಿಗೆ ಮೊದಲ ರಾಣಿಯನ್ನು ತೊರೆದು ಮರುಮದುವೆಯಾಗುವ ಹಟ. ಅದಕ್ಕಾಗಿ ಧರ್ಮಸಭೆಯನ್ನೇ ತನ್ನ ಅಂಕೆಗೆ ತರುವ ಯತ್ನ. 1532ರ ಮೇ 15ರಂದು ಅಲ್ಲಿಯ ಗುರುವರ್ಗ ಅರಸನಿಗೆ ಶರಣಾಯಿತು. ಮರುದಿನವೇ ಮೋರರು ರಾಜಮುದ್ರೆಯನ್ನು ಮರಳಿಸಿ ಹುದ್ದೆ ಬಿಟ್ಟರು. ಕೊಟ್ಟ ಕಾರಣ ಅನಾರೋಗ್ಯ. ಅದು ಸುಳ್ಳಾಗಿರಲಿಲ್ಲ, ಎದೆಯ ನೋವು ಅವರನ್ನು ಕಾಡುತ್ತಿತ್ತು. ಪೂರ್ತಿ ಕಾರಣವೂ ಅದಾಗಿರಲಿಲ್ಲ. ಅದು ಅರಸನಿಗೂ ಗೊತ್ತಿತ್ತು, ಜನರಿಗೂ ಗೊತ್ತಿತ್ತು. ಮುಂದೆ ಮೂರು ವರ್ಷ ಅವರು ಆ ವಿಷಯದಲ್ಲಿ ಮೌನ ತಾಳಿದರು. ಯಾರನ್ನೂ ಹಳಿಯಲಿಲ್ಲ, ಹುಸಿಯನ್ನೂ ಆಡಲಿಲ್ಲ. ಆದರೆ ಮೌನ ಸಾಲದು, ಪ್ರಮಾಣ ಮಾಡಿ ಒಪ್ಪಬೇಕು ಎಂದು ಒತ್ತಾಯ ಬಂದಾಗ ಮಾತ್ರ ಅವರು ಮಣಿಯಲಿಲ್ಲ, 1535ರ ಜುಲೈ 6ರಂದು ತಲೆ ಕೊಟ್ಟರು. ಎಲ್ಲಿಯವರೆಗೆ ಸುಮ್ಮನಿರಬಹುದು, ಎಲ್ಲಿಂದಾಚೆಗೆ ಇರಲಾಗದು ಎಂಬ ಗೆರೆಯನ್ನು ಅವರು ನ್ಯಾಯವಾದಿಯ ನಿಖರತೆಯಿಂದ ಬಲ್ಲವರಾಗಿದ್ದರು. ನಮ್ಮ ತರುಣರಿಗೆ ಬೇಕಾದದ್ದು ಅವರ ಧೈರ್ಯದಲ್ಲಿ ನೂರರಲ್ಲೊಂದು ಪಾಲು. ಸಂದರ್ಶನದ ಕೋಣೆಯಲ್ಲಿ ಯಾರ ತಲೆಯೂ ಹೋಗುವುದಿಲ್ಲ.

ಮೋರರ ಮೌನಕ್ಕೆ ಇನ್ನೊಂದು ಮುಖವೂ ಉಂಟು. ಅವರು ಹಳೆಯ ಒಡೆಯನ ಚಾಡಿ ಹೇಳಲಿಲ್ಲ. ನಮ್ಮ ಧರ್ಮಶಾಸ್ತ್ರದಲ್ಲಿ ಇಲ್ಲದ ತಪ್ಪನ್ನು ಒಬ್ಬರ ಮೇಲೆ ಹೊರಿಸುವುದು ಮಾತ್ರ ದೋಷವೆಂದು ಅನೇಕರು ತಿಳಿದಿದ್ದಾರೆ. ಇರುವ ತಪ್ಪನ್ನು ತಕ್ಕ ಕಾರಣವಿಲ್ಲದೆ, ಅದನ್ನು ಅರಿಯದವರ ಮುಂದೆ ಬಿಚ್ಚಿಡುವುದೂ ದೋಷವೇ. ‘ನಾನು ನಿಜವನ್ನೇ ಹೇಳಿದೆ’ ಎಂಬ ಸಮರ್ಥನೆ ಇಲ್ಲಿ ನಡೆಯದು. ಸಂದರ್ಶನದಲ್ಲಿ ಹಿಂದಿನ ಮೇಸ್ತ್ರಿಯ ಲಂಚಕೋರತನ, ಹಿಂದಿನ ಮುಖ್ಯೋಪಾಧ್ಯಾಯಿನಿಯ ಸಿಡುಕು ಇವುಗಳ ಪುರಾಣ ಬಿಚ್ಚಿದರೆ, ಕೇಳುವವನು ತಲೆಯಾಡಿಸುತ್ತಾನೆ ನಿಜ. ನಾಳೆ ನನ್ನ ಪುರಾಣವೂ ಹೀಗೆಯೇ ಊರು ಸುತ್ತೀತು ಎಂದೂ ಲೆಕ್ಕ ಹಾಕುತ್ತಾನೆ. ಧರ್ಮಶಾಸ್ತ್ರವೂ ವ್ಯವಹಾರಜ್ಞಾನವೂ ಒಂದೇ ಮಾತಾಡುವ ಅಪರೂಪದ ಸಂದರ್ಭಗಳಲ್ಲಿ ಇದೊಂದು.

ಹಾಗಾದರೆ ಅನ್ಯಾಯಕ್ಕೆ ಒಳಗಾಗಿ ಹೊರಬಂದವರು ಏನು ಮಾಡಬೇಕು? ಇದು ನಮ್ಮ ಜಿಲ್ಲೆಯ ಕುಟುಂಬಗಳಿಗೆ ದೂರದ ಪ್ರಶ್ನೆಯಲ್ಲ. ಹೆಸರು ಕೇಳಿದ ಮೇಲೆ ಅಡ್ಡಹೆಸರು ಕೇಳುತ್ತಾರೆ, ಅಡ್ಡಹೆಸರಿನಿಂದ ತಿಳಿಯದಿದ್ದರೆ ಓಣಿ ಕೇಳುತ್ತಾರೆ. ನೀರಿನ ಲೋಟ ಬೇರೆಯಾಗುತ್ತದೆ. ಅಂಥ ಕಡೆಯಿಂದ ಬಿಟ್ಟು ಬಂದವನು ಮುಂದಿನ ಸಂದರ್ಶನದಲ್ಲಿ ಏನೆನ್ನಬೇಕು?

ಡಾ. ಅಂಬೇಡ್ಕರ್ ಅವರ ಬದುಕಿನ ಒಂದು ಪುಟವನ್ನು ಇಲ್ಲಿ ನೆನೆಯಬೇಕು. ಬಡೋದೆಯ ಮಹಾರಾಜರ ನೆರವಿನಿಂದ ಅಮೆರಿಕೆಯಲ್ಲಿಯೂ ಲಂಡನ್ನಿನಲ್ಲಿಯೂ ಓದಿ, 1917ರಲ್ಲಿ ಅವರು ಕರಾರಿನಂತೆ ಆ ಸಂಸ್ಥಾನದ ಸೇವೆಗೆ ಸೇರಿದರು. ಊರಿನಲ್ಲಿ ತಂಗಲು ಸ್ಥಳ ಸಿಗಲಿಲ್ಲ. ಪಾರಸಿಗಳ ತಂಗುದಾಣವೊಂದರಲ್ಲಿ ಪಾರಸಿ ಹೆಸರು ಬರೆಯಿಸಿ ಉಳಿದರು. ಹನ್ನೊಂದನೆಯ ದಿನ ಬಡಿಗೆ ಹಿಡಿದ ಗುಂಪು ಬಂದು ಅವರನ್ನು ಹೊರಗೆ ಹಾಕಿತು. ಬೇರೆಲ್ಲೂ ಆಸರೆ ಸಿಗದೆ ಅವರು ಮುಂಬಯಿಗೆ ಮರಳಿದರು. ಜಗತ್ತಿನ ಉನ್ನತ ವಿದ್ಯಾಲಯದಲ್ಲಿ ಓದಿದ ಪುರುಷನಿಗೆ ಇರುಳು ತಂಗಲು ಹೆಸರು ಮರೆಮಾಡಬೇಕಾಯಿತೆಂದರೆ, ಆ ಮರೆಮಾಚುವಿಕೆಯ ದೋಷವನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ನಾನಂತೂ ಅವರ ಲೆಕ್ಕಕ್ಕೆ ಬರೆಯಲಾರೆ. 1918ರ ನವೆಂಬರಿನಲ್ಲಿ ಅವರು ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಬಡೋದೆಯ ಕಥೆಯನ್ನು ಅವರು ಮರೆಯಲೂ ಇಲ್ಲ, ಹೂತುಹಾಕಲೂ ಇಲ್ಲ. ಸುಮಾರು ಹದಿನೆಂಟು ವರ್ಷಗಳ ತರುವಾಯ, ತಾವು ಆರಿಸಿಕೊಂಡ ಹೊತ್ತಿನಲ್ಲಿ, ತಮ್ಮದೇ ಮಾತುಗಳಲ್ಲಿ ಬರೆದಿಟ್ಟರು.

ಹೊತ್ತನ್ನೂ ಸ್ಥಳವನ್ನೂ ಆರಿಸುವ ಅಧಿಕಾರ ನೊಂದವನದು ಎಂಬುದೇ ಇದರಲ್ಲಿ ನಾನು ಕಾಣುವ ಬೆಳಕು. ಅನ್ಯಾಯವನ್ನು ಹೇಳಬೇಕಾದ ಸ್ಥಳ ನ್ಯಾಯಾಲಯ, ಕಾರ್ಮಿಕ ಇಲಾಖೆ, ಪೊಲೀಸ್ ಠಾಣೆ, ಸಂಘಟನೆ. ಅಲ್ಲಿ ಗಟ್ಟಿಯಾಗಿ ಹೇಳಬೇಕು. ಅಲ್ಲಿ ಹೇಳುವುದು ಚಾಡಿಯಾಗದು, ನ್ಯಾಯದ ಬೇಡಿಕೆಯಾಗುತ್ತದೆ. ಹೊಸ ನೌಕರಿಯ ಮೇಜು ಆ ಸ್ಥಳವಲ್ಲ, ಅಲ್ಲಿ ಗಾಯ ತೋರಿಸುವ ಬಾಧ್ಯತೆ ಅವನಿಗಿಲ್ಲ. ‘ಅಲ್ಲಿ ಗೌರವದಿಂದ ದುಡಿಯುವ ವಾತಾವರಣ ಇರಲಿಲ್ಲ’ ಎಂದರೆ ಸಾಕು, ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇಲ್ಲ. ಕಿರುಕುಳ ತಾಳಲಾರದೆ ಕೆಲಸ ಬಿಟ್ಟ ನಮ್ಮ ಹೆಣ್ಣುಮಕ್ಕಳಿಗೂ ಇದೇ ಮಾತು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯಲು 2013ರಲ್ಲಿ ಬಂದ ಕಾಯ್ದೆ, ಹತ್ತು ಮಂದಿ ದುಡಿಯುವ ಪ್ರತಿ ಸಂಸ್ಥೆಯಲ್ಲೂ ದೂರು ಸಮಿತಿ ಇರಬೇಕೆನ್ನುತ್ತದೆ. ದೂರು ಕೊಟ್ಟವಳ ಗುರುತನ್ನು ಪ್ರಕಟಿಸಬಾರದೆಂದೂ ವಿಧಿಸುತ್ತದೆ. ಕಾನೂನೇ ಅವಳ ಮೌನಕ್ಕೆ ಇಷ್ಟು ಬೆಲೆ ಕೊಟ್ಟಿರುವಾಗ, ‘ಏನಾಯಿತು, ಬಿಡಿಸಿ ಹೇಳಮ್ಮ’ ಎಂದು ಕೆದಕುವ ಮಾಲೀಕನಿಗೆ ಅವಳು ಏನೂ ಹೇಳಬೇಕಾಗಿಲ್ಲ. ಅಂಥ ಕುತೂಹಲವನ್ನು ಕಂಡ ಕೂಡಲೇ ಎದ್ದು ಬರುವುದು ಲೇಸೆಂದು ನಾನು ಸಲಹೆ ಮಾಡುತ್ತೇನೆ.

ಇನ್ನು ತಾನಾಗಿ ಬಿಡದೆ, ಬಿಡಿಸಲ್ಪಟ್ಟವರು. ಇವರಲ್ಲಿ ಎರಡು ಬಗೆ. ಮೊದಲನೆಯವರು ತಪ್ಪಿಲ್ಲದೆ ಕೆಲಸ ಕಳೆದುಕೊಂಡವರು. ಹಳ್ಳಿಖೇಡದ ಸಹಕಾರಿ ಸಕ್ಕರೆ ಕಾರ್ಖಾನೆಯ ಗಾಣ ನಿಂತಾಗ ಅಲ್ಲಿ ದುಡಿಯುತ್ತಿದ್ದವರು ಏನು ತಪ್ಪು ಮಾಡಿದ್ದರು? 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿದಾಗ ಪುಣೆ, ಮುಂಬಯಿ, ಹೈದರಾಬಾದುಗಳಿಂದ ಗಂಟುಮೂಟೆ ಹೊತ್ತು ಬಂದವರ ತಪ್ಪೇನು? ಆದರೂ ಬಯೋಡೇಟಾದಲ್ಲಿ ಆ ಖಾಲಿ ತಿಂಗಳುಗಳನ್ನು ಕಂಡರೆ ಅವರಿಗೆ ನಾಚಿಕೆ.

ಸಂತ ಮತ್ತಾಯನ ಶುಭಸಂದೇಶದ ಇಪ್ಪತ್ತನೆಯ ಅಧ್ಯಾಯದ ದ್ರಾಕ್ಷಿತೋಟದ ಸಾಮತಿಯನ್ನು ನಾವು ಕೂಲಿಯ ಕಥೆಯಾಗಿ ಓದುತ್ತೇವೆ. ಅದರಲ್ಲಿ ಒಂದು ಸಂದರ್ಶನವೂ ಅಡಗಿದೆ. ಬೀದರಿನಲ್ಲಿ, ಹೈದರಾಬಾದಿನಲ್ಲಿ ಬೆಳಗಿನ ಹೊತ್ತು ಕೂಲಿಕಾರರು ಕಾದು ನಿಲ್ಲುವ ಅಡ್ಡಾಗಳನ್ನು ಕಂಡವರಿಗೆ ಆ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಹೊತ್ತು ಇಳಿಯುತ್ತ ಬಂದಾಗ ತೋಟದ ಯಜಮಾನ ಪೇಟೆಗೆ ಬಂದು, ದಿನವಿಡೀ ಕೆಲಸವಿಲ್ಲದೆ ಏಕೆ ನಿಂತಿದ್ದೀರೆಂದು ಕೇಳುತ್ತಾನೆ. ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲವೆಂದು ಅವರೆನ್ನುತ್ತಾರೆ. ಅಷ್ಟೇ. ಅವರು ನೆವ ಹೂಡಲಿಲ್ಲ. ಅವನೂ ಅಡ್ಡಪ್ರಶ್ನೆ ಹಾಕಲಿಲ್ಲ, ತೋಟಕ್ಕೆ ಕಳುಹಿಸಿದ. ಖಾಲಿ ತಿಂಗಳುಗಳಿಗೆ ಇದಕ್ಕಿಂತ ಚಿಕ್ಕ ಉತ್ತರವನ್ನು ನಾನು ಎಲ್ಲಿಯೂ ಓದಿಲ್ಲ. ಹೆರಿಗೆಗಾಗಿ, ಅತ್ತೆಯ ಆರೈಕೆಗಾಗಿ ಕೆಲಸ ಬಿಟ್ಟು ವರ್ಷಗಳ ಮೇಲೆ ಮತ್ತೆ ಹೊರಡುವ ತಾಯಂದಿರೂ ಇದೇ ಧಾಟಿಯಲ್ಲಿ ಹೇಳಲಿ, ಕ್ಷಮೆ ಕೇಳುವ ಧ್ವನಿ ಬೇಡ.

ಎರಡನೆಯವರು ತಪ್ಪು ಮಾಡಿ ತೆಗೆದುಹಾಕಿಸಿಕೊಂಡವರು. ಇವರ ಪಾಡು ಕಷ್ಟ. ಲೂಕನ ಶುಭಸಂದೇಶದ ಹದಿನಾರನೆಯ ಅಧ್ಯಾಯದ ಮೇಸ್ತ್ರಿಯ ನೆನಪಾಗುತ್ತದೆ: ಆಸ್ತಿ ಹಾಳುಮಾಡಿದನೆಂಬ ದೂರು ಬಂದು, ಲೆಕ್ಕ ಒಪ್ಪಿಸೆಂದು ಒಡೆಯ ಹೇಳಿದಾಗ, ಅಗೆಯಲು ಬಲವಿಲ್ಲ, ಬೇಡಲು ನಾಚಿಕೆ ಎಂದು ಅವನು ಹೌಹಾರುತ್ತಾನೆ. ಕೆಲಸ ಹೋದ ರಾತ್ರಿ ಮನುಷ್ಯ ಪಡುವ ದಿಗಿಲು ಅಲ್ಲಿ ಯಥಾವತ್ತಾಗಿ ಇದೆ. ಅವನ ಜಾಣತನವನ್ನು ಒಡೆಯ ಮೆಚ್ಚಿದನೆಂದು ಓದಿ, ಅವನ ಹಾಗೆ ಕಾಗದ ತಿದ್ದಲು ಯಾರೂ ಹೊರಡಬಾರದು. ಗಲ್ಲಾಪೆಟ್ಟಿಗೆಯಲ್ಲಿ ಕೈಯಿಟ್ಟು ಹೊರಹೋದವನು ಮತ್ತೊಂದು ಗಲ್ಲಾಪೆಟ್ಟಿಗೆಯ ಕೆಲಸಕ್ಕೇ ಅರ್ಜಿ ಹಾಕಿ, ಆ ಸಂಗತಿಯನ್ನು ಮುಚ್ಚಿಟ್ಟರೆ, ಅದು ವಿವೇಕದ ಮೌನವಾಗದು. ಅಲ್ಲಿ ಕೇಳುವವನಿಗೆ ತಿಳಿಯುವ ಹಕ್ಕಿದೆ. ಬೇರೆ ಬಗೆಯ ಕೆಲಸಕ್ಕೆ ಹೋಗಲಿ, ಅಥವಾ ‘ನನ್ನಿಂದ ತಪ್ಪಾಯಿತು, ಹಣ ತುಂಬಿದ್ದೇನೆ’ ಎಂದು ಹೇಳುವ ಎದೆಗಾರಿಕೆ ತೋರಲಿ. ಹತ್ತು ಕಡೆ ಬಾಗಿಲು ಮುಚ್ಚೀತು. ಇದಕ್ಕೆ ನನ್ನಲ್ಲಿ ಸುಲಭದ ಉಪಾಯವಿಲ್ಲ.

ಇದುವರೆಗೆ ನೌಕರನಿಗೆ ಹೇಳಿದ್ದಾಯಿತು. ಪ್ರಶ್ನೆ ಕೇಳುವ ಕುರ್ಚಿಯ ಮೇಲೆ ಕುಳಿತವರಿಗೂ ಎರಡು ಮಾತು ಹೇಳದಿದ್ದರೆ ನ್ಯಾಯವಾಗದು. ಏಕೆ ಬಿಟ್ಟೆಯೆಂದು ನೌಕರನನ್ನು ಕೇಳುವ ಸಮಾಜ, ಏಕೆ ಬಿಡಿಸಿದೆಯೆಂದು ಮಾಲೀಕನನ್ನು ಅಷ್ಟೇ ನಿಷ್ಠುರವಾಗಿ ಕೇಳುತ್ತದೆಯೇ? ಕಾನೂನು ಕೇಳಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯು, ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನನ್ನು ಹೆಚ್ಚುವರಿಯೆಂದು ತೆಗೆಯಬೇಕಾದರೆ ಕಾರಣ ತಿಳಿಸಿ ಒಂದು ತಿಂಗಳ ನೋಟೀಸು ಅಥವಾ ಅದರ ಬದಲು ವೇತನ ಕೊಡಬೇಕು, ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ಸರಾಸರಿ ವೇತನ ಪರಿಹಾರ ಕೊಡಬೇಕು ಎಂದು ವಿಧಿಸಿತ್ತು. 2025ರ ನವೆಂಬರ್ 21ರಂದು ಅದರ ಸ್ಥಾನಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಈ ನಿಯಮ ಉಳಿದಿದೆ. ಅದೇ ದಿನ ಪೂರ್ತಿಯಾಗಿ ಜಾರಿಯಾದ ವೇತನ ಸಂಹಿತೆಯಂತೆ, ಕೆಲಸ ಬಿಟ್ಟವನಿಗಾಗಲಿ ಬಿಡಿಸಿದವನಿಗಾಗಲಿ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಸಲ್ಲಬೇಕು. ನಮ್ಮ ಎಷ್ಟು ತರುಣರಿಗೆ ಇದು ಗೊತ್ತು? ಎಷ್ಟು ಮಾಲೀಕರು ಇದನ್ನು ಪಾಲಿಸುತ್ತಾರೆ?

ಬಿಡುಗಡೆ ಪತ್ರದ ವಿಷಯ ಇನ್ನೂ ಘೋರ. ಅದಿಲ್ಲದೆ ಹೊಸ ಕಡೆ ಸೇರಿಸಿಕೊಳ್ಳುವುದಿಲ್ಲ. ಅದನ್ನು ಕೊಡದೆ ಆರು ತಿಂಗಳು ಅಲೆದಾಡಿಸುವುದು, ಮೂಲ ಅಂಕಪಟ್ಟಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದು ಒಂದು ಬಗೆಯ ಜೀತ. ಹೊರಗಿನವರನ್ನು ಮಾತ್ರ ದೂರಿ ನಾನು ಪಾರಾಗಲಾರೆ. ನಮ್ಮ ಧರ್ಮಕೇಂದ್ರಗಳು, ಸಭೆಗಳು ನಡೆಸುವ ಶಾಲೆ ಆಸ್ಪತ್ರೆಗಳಿಂದ ಹೊರಬಂದ ಶಿಕ್ಷಕಿಯರು, ದಾದಿಯರು ಇದೇ ದೂರನ್ನು ನನ್ನ ಮುಂದೆ ಕಣ್ಣೀರಿನೊಡನೆ ಹೇಳಿದ್ದುಂಟು. ದುಡಿಮೆಗಾರನ ಹಕ್ಕುಗಳ ಕುರಿತು ಪೋಪ್ ಹದಿಮೂರನೆಯ ಲಿಯೋ 1891ರಲ್ಲಿ, ಪೋಪ್ ಎರಡನೆಯ ಜಾನ್ ಪಾಲ್ 1981ರಲ್ಲಿ ಬರೆದ ಪತ್ರಗಳ ಮೇಲೆ ನಾವು ವಿಚಾರಗೋಷ್ಠಿ ನಡೆಸುತ್ತೇವೆ. ಗೋಷ್ಠಿಯ ಪಕ್ಕದ ಕೋಣೆಯಲ್ಲಿ ಒಬ್ಬ ಶಿಕ್ಷಕಿ ತನ್ನ ಅಂಕಪಟ್ಟಿಗಾಗಿ ಬೆಂಚಿನ ಮೇಲೆ ಕಾದಿರಬಾರದು. ಹಾಗೆಯೇ ಒಂದು ಸಂಸ್ಥೆಯವರು ಮತ್ತೊಂದಕ್ಕೆ ಫೋನ್ ಮಾಡಿ ‘ಆಕೆ ಹೇಗೆ’ ಎಂದು ಕೇಳುವ, ‘ಬೇಡ ಬಿಡಿ’ ಎಂದು ಎರಡೇ ಶಬ್ದಗಳಲ್ಲಿ ಒಬ್ಬರ ಅನ್ನ ಕಳೆಯುವ ರೂಢಿ ನಿಲ್ಲಬೇಕು. ಹೇಳುವುದಿದ್ದರೆ ಬರೆದು ಹೇಳಲಿ. ಬರೆಯಲು ಕೈ ಹಿಂಜರಿಯುವುದಾದರೆ ಅದನ್ನು ಬಾಯಿಯಿಂದಲೂ ಹೇಳಲಾಗದು.

ಒಳ್ಳೆಯ ಮಾಲೀಕ ಹಳೆಯ ರಾಜೀನಾಮೆಯಲ್ಲಿ ದೋಷ ಹುಡುಕುವುದಿಲ್ಲ, ಮುಂದಿನ ಕೆಲಸಕ್ಕೆ ಯೋಗ್ಯತೆ ಹುಡುಕುತ್ತಾನೆ. ವಿಶ್ವೇಶ್ವರಯ್ಯನವರು 1884ರಲ್ಲಿ ಸೇರಿದ ಮುಂಬಯಿ ಸರ್ಕಾರದ ಇಂಜಿನಿಯರ್ ಸೇವೆಯನ್ನು 1908ರಲ್ಲಿ ತಾವಾಗಿ ಬಿಟ್ಟರು. ಆಗಿನ ಬ್ರಿಟಿಷ್ ವ್ಯವಸ್ಥೆಯಲ್ಲಿ ಒಬ್ಬ ಭಾರತೀಯನಿಗೆ ಮುಖ್ಯ ಇಂಜಿನಿಯರನ ಸ್ಥಾನ ಎಟುಕುವಂತಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿತು. ನಮ್ಮ ಬೀದರೂ ಆಗ ಸೇರಿದ್ದ ನಿಜಾಮರ ಸರ್ಕಾರ ಅವರನ್ನು ಕರೆಸಿಕೊಂಡಿತು. ಅವರ ಯೋಜನೆಯ ಫಲವಾಗಿ ಎದ್ದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ನೀರನ್ನು ಹೈದರಾಬಾದಿನಲ್ಲಿ ದುಡಿಯುವ ನಮ್ಮ ಮಕ್ಕಳೂ ಕುಡಿದಿದ್ದಾರೆ.

ಕೊನೆಗೆ ನಮ್ಮ ಧರ್ಮಕೇಂದ್ರದವರಿಗೆ ಒಂದು ವ್ಯಾವಹಾರಿಕ ಸೂಚನೆ. ಸಂದರ್ಶನಕ್ಕೆ ಹೊರಡುವ ಮುನ್ನ ನಡತೆ ಪ್ರಮಾಣಪತ್ರಕ್ಕಾಗಿ ಅನೇಕರು ಬರುತ್ತೀರಿ. ಎಷ್ಟು ವರ್ಷಗಳಿಂದ ನಿಮ್ಮನ್ನು ಬಲ್ಲೆ, ನಿಮ್ಮ ನಡತೆ ನಾನು ಕಂಡಂತೆ ಹೇಗಿದೆ ಎಂಬುದನ್ನು ಸಂತೋಷದಿಂದ ಬರೆದುಕೊಡುತ್ತೇನೆ. ‘ಹಳೇ ನೌಕರಿ ಯಾಕ ಬಿಟ್ಟೆ ಅಂತ ನೀವೇ ಒಂದ್ ಸಾಲು ಸೇರಿಸ್ರಿ ಫಾದರ್’ ಎಂದು ಮಾತ್ರ ಕೇಳಬೇಡಿ. ನಾನು ಕಣ್ಣಾರೆ ಕಾಣದ ಸಂಗತಿಗೆ ಸಹಿ ಹಾಕಲಾರೆ. ಬದಲಿಗೆ ಅರ್ಧ ಗಂಟೆ ಕೂತುಕೊಳ್ಳಿ. ನಾನು ಮಾಲೀಕನಾಗಿ ಆ ಪ್ರಶ್ನೆ ಕೇಳುತ್ತೇನೆ, ನೀವು ಉತ್ತರ ಹೇಳಿ ನೋಡಿ. ಭಾನುವಾರ ಬಲಿಪೂಜೆಯ ನಂತರ ಬಿಡುವಿರುತ್ತದೆ, ಉಳಿದ ದಿನ ಸಂಜೆ ಐದರ ಮೇಲೆ ಬನ್ನಿ. ಹಿಂದಿನ ದಿನವೇ ಬಂದರೆ ಇನ್ನೂ ಉತ್ತಮ. ರೈಲಿನ ಹೊತ್ತಿಗೆ ಓಡಿಬಂದು ಬಾಗಿಲು ಬಡಿದರೆ ಮೊಹರು ಕೈಗೆ ಸಿಗುವುದಿಲ್ಲ.